ಮುಚ್ಚಳ ಬಿಗಿ ಮಾಡಿಸಿದ ಅಧಿಕಾರಿಗಳಿಗೆ

ಪ್ರಯೋಗಾಲಯಗಳ ಸುರಕ್ಷತೆಯ ಹೊಣೆ ಹೊತ್ತಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕಳೆದ ಬೇಸಿಗೆಯಲ್ಲಿ ಫಾರ್ಮಿಕ್ ಆಮ್ಲದ ಬಾಟಲಿಯೊಂದು ಒಡೆದು ಒಬ್ಬ ನೌಕರರ ಬಲಗಣ್ಣು ಹೋಯಿತು. ತಾವು ನೇಮಿಸಿದ ಸಮಿತಿ ಮೂರು ತಿಂಗಳು ವಿಚಾರಣೆ ನಡೆಸಿ, ಹದಿನೇಳು ಪುಟಗಳ ವರದಿ ಬರೆದು, ‘ನೌಕರನ ಅಜಾಗರೂಕತೆಯೇ ಘಟನೆಗೆ ಕಾರಣ’ ಎಂದು ತೀರ್ಮಾನಿಸಿದೆ. ಆ ತೀರ್ಮಾನ ಸುಳ್ಳು. ಬಾಟಲಿ ಒಡೆದದ್ದು ತಮ್ಮ ಸುತ್ತೋಲೆಯಿಂದ. ಇಷ್ಟನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ತಮ್ಮ ಕಚೇರಿಯಲ್ಲಿ ಯಾವ ಪತ್ರದಲ್ಲೂ ಮೊದಲ ಪ್ಯಾರಾದಾಚೆ ಓದುವ ರೂಢಿಯಿಲ್ಲವೆಂದು ಅಲ್ಲಿನ ಗುಮಾಸ್ತರೊಬ್ಬರು ಸಜ್ಜನಿಕೆಯಿಂದ ನನಗೆ ತಿಳಿಸಿದ್ದಾರೆ. ಈ ವಿಷಯವಾಗಿ ನಾನು ಬರೆದ ಹಿಂದಿನ ಮೂರು ಪತ್ರಗಳಲ್ಲಿ ಮೊದಲ ಪ್ಯಾರಾ ಪೂರ್ತಿ ವಿನಯಕ್ಕೇ ಖರ್ಚಾಗಿತ್ತು. ಅವು ತಮ್ಮ ಕಡತದಲ್ಲಿ ಕ್ಷೇಮವಾಗಿವೆ, ಸೋರಿಕೆಯಿಲ್ಲದಂತೆ. ಆದ್ದರಿಂದ ನಾಲ್ಕನೆಯದನ್ನು ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯ ಅಂಗಾಂಶ ಪರೀಕ್ಷಾ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ತಂತ್ರಜ್ಞೆ. ನೆಲಮಾಳಿಗೆಯಲ್ಲಿ, ಲಾಂಡ್ರಿಯನ್ನು ದಾಟಿದ ಮೇಲೆ ಸಿಗುವ ಕೊನೆಯ ಕೋಣೆ ನಮ್ಮದು. ಶಸ್ತ್ರಚಿಕಿತ್ಸಕರು ರೋಗಿಯ ಮೈಯಿಂದ ತೆಗೆದ ಚೂರನ್ನು ನಾವು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಕಟ್ಟಿ ಗಾಜಿನ ಮೇಲೆ ಕೂರಿಸುತ್ತೇವೆ. ಮೇಲಿನ ಮಹಡಿಯ ವೈದ್ಯರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಯಾವುದೆಂದು ಹೇಳುತ್ತಾರೆ. ಮಾಂಸವಾದರೆ ಬೆಣ್ಣೆ ಕೊಯ್ದ ಹಾಗೆ ಕೊಯ್ಯಬಹುದು. ಮೂಳೆಗೆ ಬ್ಲೇಡು ಹಾಕಿದರೆ ಬ್ಲೇಡೇ ಹಲ್ಲು ಮುರಿದುಕೊಳ್ಳುತ್ತದೆ. ಹಾಗಾಗಿ ಮೂಳೆಯೊಳಗಿನ ಸುಣ್ಣದ ಅಂಶವನ್ನು ಮೊದಲು ಕರಗಿಸಬೇಕು. ಅದಕ್ಕೆ ಬೇಕಾದದ್ದೇ ಈ ಫಾರ್ಮಿಕ್ ಆಮ್ಲ. ಇದನ್ನು ನೀರಿನಲ್ಲಿ ತೆಳುವಾಗಿ ಬೆರೆಸಿ, ಅದರಲ್ಲಿ ಮೂಳೆಯ ಚೂರನ್ನು ಕೆಲವು ದಿನ ನೆನೆಯಲು ಬಿಟ್ಟರೆ ಅದು ರಬ್ಬರಿನಂತೆ ಬಾಗುತ್ತದೆ. ಒಳಗಿನ ಜೀವಕೋಶಗಳೂ ಬಹುಮಟ್ಟಿಗೆ ಕೆಡದೆ ಉಳಿಯುತ್ತವೆ. ಅವಸರದವರು ನೈಟ್ರಿಕ್ ಆಮ್ಲ ಬಳಸುವುದುಂಟು. ಅದು ಬೇಗ ಕೆಲಸ ಮುಗಿಸುತ್ತದೆ, ಸ್ವಲ್ಪ ಮೈಮರೆತರೆ ಜೀವಕೋಶಗಳನ್ನೂ ಮುಗಿಸುತ್ತದೆ. ಆಮೇಲೆ ವೈದ್ಯರು ನೋಡಬೇಕಾದದ್ದು ಏನೂ ಉಳಿದಿರುವುದಿಲ್ಲ. ತಾಳ್ಮೆಯಿಂದ ಮಾಡುವ ಕೆಲಸ ಇದು. ತಮ್ಮ ಕಚೇರಿಗೆ ತಾಳ್ಮೆಯ ಬಗ್ಗೆ ಹೇಳಬೇಕಾದ ಅಗತ್ಯವಿಲ್ಲ.

ಈ ಆಮ್ಲದ ಗುಣ ಅವಗುಣಗಳನ್ನು ನನಗೆ ಕಲಿಸಿದವರು ನಮ್ಮ ವಿಭಾಗದ ಅಟೆಂಡರು. ಓದಿದ್ದು ಏಳನೇ ತರಗತಿ. ಹೊಸದಾಗಿ ಸೇರಿದ ತಂತ್ರಜ್ಞರಿಂದ ಹಿಡಿದು ದೊಡ್ಡ ಪದವಿಗೆ ಓದುತ್ತಿರುವ ವೈದ್ಯರವರೆಗೆ ಎಲ್ಲರೂ ಅವರನ್ನು ‘ಮೇಷ್ಟ್ರೇ’ ಎಂದೇ ಕರೆಯುತ್ತಿದ್ದರು, ಏಕೆಂದರೆ ಎಲ್ಲರಿಗೂ ಅವರಿಂದಲೇ ಮೊದಲ ಪಾಠ. ನಾನು ಸೇರಿದ ವಾರ ಅವರು ನನ್ನನ್ನು ಆಮ್ಲಗಳ ಕಪಾಟಿನ ಮುಂದೆ ನಿಲ್ಲಿಸಿ, ಹೊಸ ಸೊಸೆಗೆ ಮನೆಯವರನ್ನು ಪರಿಚಯ ಮಾಡಿಸುವ ಹಾಗೆ ಒಂದೊಂದೇ ಬಾಟಲಿ ತೋರಿಸಿದರು.

“ಇದಕ್ಕೆ ನಾನು ಇರುವೆ ಆಸಿಡ್ಡು ಅಂತೀನಿ. ಮೊದ್ಲು ಇದನ್ನ ಇರುವೆಯಿಂದಾನೇ ತೆಗೀತಿದ್ರಂತೆ, ಡಾಕ್ಟ್ರೊಬ್ರು ಹೇಳಿದ್ರು. ಇರುವೆ ಕಚ್ಚಿದ್ರೆ ಚುರ್ ಅನ್ನುತ್ತಲ್ಲ, ಆ ಚುರುಕನ್ನ ಬಾಟ್ಲಿ ತುಂಬಾ ಹಿಡಿದಿಟ್ಟಿದಾರೆ ಅಂದ್ಕೋ. ನೋಡೋಕೆ ನೀರಿನ ಹಾಗಿರುತ್ತೆ, ಮೋಸ ಹೋಗ್ಬೇಡ. ಗ್ಲೌಸು, ಕನ್ನಡಕ ಇಲ್ದೆ ಮುಟ್ಬೇಡ. ಆವಿ ಎಳ್ಕೊಳ್ಳೋ ಆ ಗಾಜಿನ ಗೂಡಿದೆಯಲ್ಲ, ಅದರೊಳಗೇ ಮುಚ್ಚಳ ತೆಗಿ. ನೀರಿಗೆ ಆಸಿಡ್ ಹಾಕು, ಆಸಿಡ್‌ಗೆ ನೀರು ಹಾಕ್ಬೇಡ. ನೈಟ್ರಿಕ್ ಪಕ್ಕ ಇಡ್ಬೇಡ, ಇಬ್ರಿಗೂ ಆಗಿಬರಲ್ಲ.”

ಆಮೇಲೆ ಅವರು ಬಾಟಲಿಯ ಮುಚ್ಚಳ ತೋರಿಸಿದರು. ಅದರ ನಡುವೆ ಸೂಜಿಯ ಮೊನೆಯಷ್ಟು ರಂಧ್ರ, ಅದಕ್ಕೊಂದು ತೆಳುವಾದ ಪೊರೆ. “ಇದೊಂದನ್ನ ನೆನಪಿಟ್ಕೋ. ಇದು ಕೂತಲ್ಲೇ ಒಳಗೊಳಗೆ ಸ್ವಲ್ಪ ಸ್ವಲ್ಪ ಗ್ಯಾಸ್ ಬಿಡ್ತಾ ಇರುತ್ತೆ. ಅದು ಹೊರಗೆ ಹೋಗ್ಬೇಕು. ದಾರಿ ಬಿಡ್ಲಿಲ್ಲಾಂದ್ರೆ ಅದೇ ದಾರಿ ಮಾಡ್ಕೊಳುತ್ತೆ.” ಪಠ್ಯಪುಸ್ತಕ ಇದನ್ನೇ ಇನ್ನಷ್ಟು ಉದ್ದವಾಗಿ ಹೇಳುತ್ತದೆ: ಗಾಢವಾದ ಫಾರ್ಮಿಕ್ ಆಮ್ಲ ನಿಧಾನವಾಗಿ ತಾನಾಗಿಯೇ ಒಡೆದು ಕಾರ್ಬನ್ ಮಾನಾಕ್ಸೈಡ್ ಬಿಡುಗಡೆ ಮಾಡುತ್ತದೆ, ಬಿಸಿಯಿದ್ದರೆ ಇನ್ನೂ ಬೇಗ, ಬಿಗಿಯಾಗಿ ಮುಚ್ಚಿಟ್ಟ ಬಾಟಲಿಯಲ್ಲಿ ಒತ್ತಡ ಹೆಚ್ಚಿ ಸಿಡಿಯುತ್ತದೆ. ತಯಾರಿಸುವವರು ಈ ಕಾರಣಕ್ಕೇ ಉಸಿರಾಡುವ ಮುಚ್ಚಳ ಹಾಕಿ ಕಳಿಸುತ್ತಾರೆ. ಅದು ತಿಳಿಯಲು ಏಳನೇ ತರಗತಿ ಸಾಕು. ಅದಕ್ಕಿಂತ ಹೆಚ್ಚು ಓದಿದರೆ ಮರೆತುಹೋಗುತ್ತದೋ ಏನೋ.

ಹೋದ ವರ್ಷ ತಮ್ಮ ಕಚೇರಿಯಿಂದ ಮೂವರು ಪರಿವೀಕ್ಷಕರು ದಯಮಾಡಿಸಿದರು. ನಮ್ಮ ಕೋಣೆಯಲ್ಲಿ ಅವರು ಹನ್ನೊಂದು ನಿಮಿಷ ಇದ್ದರು. ಅದರಲ್ಲಿ ನಾಲ್ಕು ನಿಮಿಷ ಚಹಾಕ್ಕೆ. ಅವರಲ್ಲಿ ಹಿರಿಯರು ಕಪಾಟು ತೆರೆದು, ಮೂಗು ಸಿಂಡರಿಸಿ, ಫಾರ್ಮಿಕ್ ಬಾಟಲಿಯ ನೆತ್ತಿಯನ್ನು ಪೆನ್ನಿನ ತುದಿಯಿಂದ ತಟ್ಟಿದರು.

“ಇದೇನ್ರೀ, ಮುಚ್ಚಳಕ್ಕೆ ತೂತು?”

“ಗ್ಯಾಸ್ ಹೋಗೋಕೆ ಸಾರ್. ಕಂಪನಿಯವ್ರೇ ಹಾಗೆ ಕಳ್ಸೋದು,” ಎಂದರು ಮೇಷ್ಟ್ರು.

“ತೂತಿದ್ಮೇಲೆ ಅದು ಮುಚ್ಚಳ ಹೇಗಾಗುತ್ರೀ?”

ಜೊತೆಯಲ್ಲಿದ್ದ ಇಬ್ಬರು ನಕ್ಕರು. ನಾವೂ ನಕ್ಕೆವು. ಪರಿವೀಕ್ಷಕರು ತಮಾಷೆ ಮಾಡಿದಾಗ ನಗುವುದು ಯಾವ ಕೈಪಿಡಿಯಲ್ಲೂ ಬರೆಯದ, ಆದರೆ ಎಲ್ಲರೂ ಪಾಲಿಸುವ ಸುರಕ್ಷತಾ ನಿಯಮ. ಮೇಷ್ಟ್ರು ಮಾತ್ರ ನಗಲಿಲ್ಲ. ಅವರು ಕಪಾಟಿನ ಬಾಗಿಲು ಮುಚ್ಚಿ ಲೋಟಗಳನ್ನು ತೊಳೆಯಲು ಹೋದರು.

ತಿಂಗಳೊಳಗೆ ಸುತ್ತೋಲೆ ಬಂತು. ತಮ್ಮ ವ್ಯಾಪ್ತಿಯ ಅರವತ್ತೆರಡು ಪ್ರಯೋಗಾಲಯಗಳಿಗೂ ಒಂದೇ ಆದೇಶ: ‘ನಾಶಕಾರಿ ದ್ರವಗಳ ಸೋರಿಕೆಯುಳ್ಳ ಮುಚ್ಚಳಗಳನ್ನು ತೆಗೆದುಹಾಕಿ, ಗಾಳಿಯಾಡದ ಮುಚ್ಚಳಗಳನ್ನು ಅಳವಡಿಸಿ, ಟೇಪು ಸುತ್ತಿ, ಮೊಹರು ಒತ್ತಿ, ಹೊಣೆಗಾರ ಸಿಬ್ಬಂದಿಯ ಸಹಿ ಪಡೆಯತಕ್ಕದ್ದು.’ ಬೇರೆ ಹಲವು ದ್ರವಗಳಿಗೆ ಇದು ಒಳ್ಳೆಯ ಆದೇಶವೇ. ಫಾರ್ಮಿಕ್ ಆಮ್ಲಕ್ಕೆ ಮಾತ್ರ ಕತ್ತು ಹಿಸುಕುವ ಆದೇಶ. ನಾನು ತಯಾರಕರ ಸೂಚನಾಪತ್ರವನ್ನು ಲಗತ್ತಿಸಿ, ಮುಚ್ಚಳದ ಬಗೆಗಿನ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ತಮಗೆ ಬರೆದೆ. ‘ಗಮನಿಸಲಾಗಿದೆ’ ಎಂಬ ಉತ್ತರ ಬಂತು. ಎರಡನೇ ಸಲ ಬರೆದೆ. ಆಗ ಬಂದ ಉತ್ತರವನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ: ‘ಒಂದು ರಾಸಾಯನಿಕಕ್ಕೆ ವಿನಾಯಿತಿ ನೀಡಿದಲ್ಲಿ ಇತರೆ ರಾಸಾಯನಿಕಗಳಿಂದಲೂ ಇದೇ ಬೇಡಿಕೆ ಬರುವ ಸಂಭವವಿರುವುದರಿಂದ ಕೋರಿಕೆಯನ್ನು ಪರಿಗಣಿಸಲಾಗುವುದಿಲ್ಲ.’ ಸಲ್ಫ್ಯೂರಿಕ್ ಆಮ್ಲ ತಮ್ಮ ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿರುವ ದೃಶ್ಯವನ್ನು ನೆನೆದು ನಮ್ಮ ಕೋಣೆಯಲ್ಲಿ ಅಂದು ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಈಗ ನಗು ಬರುವುದಿಲ್ಲ. ಮೂರನೇ ಪತ್ರಕ್ಕೆ ಉತ್ತರವಾಗಿ, ನನ್ನಲ್ಲಿ ‘ಅಸಹಕಾರ ಮನೋಭಾವ’ ಕಂಡುಬಂದಿದೆ ಎಂಬ ಎಚ್ಚರಿಕೆ ಬಂತು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಕಷ್ಟ. ಇಲ್ಲಿಯವರೆಗೆ ನಾನು ತಮ್ಮನ್ನು ಆಡಿಕೊಂಡದ್ದಾಯಿತು. ಇನ್ನು ನನ್ನ ಸರದಿ. ಎರಡನೇ ಪರಿವೀಕ್ಷಣೆಯ ಹಿಂದಿನ ದಿನ ಹೊಸ ಬಾಟಲಿಗಳು ಬಂದಿದ್ದವು. ನಮ್ಮ ವಿಭಾಗದ ಮುಖ್ಯಸ್ಥೆ, ಒಳ್ಳೆಯ ವೈದ್ಯೆ, ಟೇಪಿನ ಸುರುಳಿ ಹಿಡಿದು ತಾವೇ ಕೆಳಗಿಳಿದು ಬಂದರು.

“ನಾಳೆ ಅವ್ರು ಬರ್ತಾರೆ. ಮುಚ್ಚಳ ಬದ್ಲಾಯ್ಸಿ ಸಹಿ ಹಾಕ್ಬಿಡಮ್ಮ.”

“ಮೇಡಂ, ಇದು ತಪ್ಪು ಅಂತ ನಿಮಗೂ ಗೊತ್ತು.”

“ಗೊತ್ತು ಕಣಮ್ಮ. ಮೂರ್ ಸಲ ಬರ್ದಿದ್ದೀವಲ್ಲ, ಇನ್ನೇನ್ ಮಾಡೋಕಾಗುತ್ತೆ? ಈ ಒಂದು ಕಾರಣಕ್ಕೆ ಲ್ಯಾಬ್ ಮುಚ್ಚಿಸಿದ್ರೆ ಪೇಷಂಟ್‌ಗಳು ಎಲ್ಲಿ ಹೋಗ್ಬೇಕು?”

ಎಚ್ಚರಿಕೆ ಪತ್ರ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಮೇಷ್ಟ್ರು ಬಾಟಲಿ ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು, ನಾನು ರಂಧ್ರದ ಮುಚ್ಚಳ ತೆಗೆದು ಬಿಗಿ ಮುಚ್ಚಳ ತಿರುಗಿಸಿ ಟೇಪು ಸುತ್ತಿದೆ. ಟೇಪಿನ ಮೇಲೆ ‘ಪರಿಶೀಲಿಸಲಾಗಿದೆ, ಸುರಕ್ಷಿತವಾಗಿದೆ’ ಎಂದು ಅಚ್ಚಾಗಿತ್ತು. ಅದರ ಕೆಳಗೆ ನನ್ನ ಸಹಿ. ಮೂರು ಬಾಟಲಿ, ಮೂರು ಸಹಿ. ಕೈ ನಡುಗಿತೆಂದೋ ಕಣ್ಣು ತುಂಬಿತೆಂದೋ ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಹುಟ್ಟೀತು. ನಿಜವಾಗಿ ಹಾಗೇನೂ ಆಗಲಿಲ್ಲ. ಹಾಜರಿ ಪುಸ್ತಕದಲ್ಲಿ ಹಾಕುವ ಹಾಗೆ ಹಾಕಿದೆ. ಮರುದಿನ ಪರಿವೀಕ್ಷಕರು ಬಹಳ ಸಂತೋಷಪಟ್ಟು, ನಮ್ಮದನ್ನು ‘ಮಾದರಿ ಪ್ರಯೋಗಾಲಯ’ ಎಂದು ಕರೆದು, ಒಂದು ಪ್ರಮಾಣಪತ್ರವನ್ನೂ ಕೊಟ್ಟುಹೋದರು.

ಅಂದಿನಿಂದ ಮೇಷ್ಟ್ರು ಒಂದು ಕಳ್ಳಕೆಲಸ ಶುರುಮಾಡಿದರು. ಎರಡು ದಿನಕ್ಕೊಮ್ಮೆ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬಾಟಲಿಗಳನ್ನು ಗಾಜಿನ ಗೂಡಿನೊಳಗಿಟ್ಟು, ಟೇಪಿನ ಕೆಳಗಂಚನ್ನು ಬ್ಲೇಡಿನಿಂದ ಬಿಡಿಸಿ, ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಹಾಗೇ ಅಂಟಿಸಿಡುತ್ತಿದ್ದರು. ನನಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದೆ. ಆರು ವಾರ ಹೀಗೆ ನಡೆಯಿತು. ಆಮೇಲೆ ಆಸ್ಪತ್ರೆಯ ಸುರಕ್ಷತಾ ಮೇಲ್ವಿಚಾರಕರ ಕಣ್ಣಿಗೆ ಟೇಪಿನ ಸುಕ್ಕು ಬಿತ್ತು. ಮೇಷ್ಟ್ರಿಗೆ ಮೆಮೊ ಬಂತು. ಮೂವತ್ತೊಂದು ವರ್ಷದಲ್ಲಿ ಮೊದಲನೆಯದು. ಅದನ್ನು ನನ್ನ ಕೈಗಿತ್ತು ಕೇಳಿದರು, “ಏನಮ್ಮ ಇದು, ‘ಉಲ್ಲಂಘನೆ’ ಅಂದ್ರೆ?”

“ನಿಯಮ ಮುರಿದ್ರಿ ಅಂತ ಮೇಷ್ಟ್ರೇ.”

“ಅದು ಮುರೀದೆ ಇದ್ರೆ ಬಾಟ್ಲಿ ಮುರಿಯುತ್ತಲ್ಲಮ್ಮ, ಅದಕ್ಕೇನ್ ಬರೀತಾರೆ?” ಎಂದು ಮೆಮೊವನ್ನು ನಾಲ್ಕು ಮಡಿಕೆ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡರು. ಕಪಾಟಿನ ಬೀಗದ ಕೈಯನ್ನು ಮೇಲ್ವಿಚಾರಕರು ತಮ್ಮ ಕೋಣೆಗೆ ಒಯ್ದರು. ಇನ್ನೊಂದು ಮೆಮೊ ಬಂದರೆ ನಿವೃತ್ತಿಯ ಹೊತ್ತಿಗೆ ತೊಂದರೆಯಾಗುತ್ತದೆ ಎಂದು ಮುಖ್ಯಸ್ಥೆ ಮೇಷ್ಟ್ರನ್ನು ಕರೆದು ಬುದ್ಧಿ ಹೇಳಿದರು. ಅವರು ನಿಲ್ಲಿಸಿದರು.

ಬಾಟಲಿ ತೆರೆಯಲು ಈಗ ಅರ್ಜಿ ಬೇಕಾಯಿತು, ಅರ್ಜಿಗೆ ಮೂರು ಸಹಿ, ಮೂರು ಸಹಿಗೆ ಒಂಬತ್ತು ದಿನ. ಬಸ್ಸು ಓಡಿಸುವ ಹೆಂಗಸೊಬ್ಬರ ತೊಡೆಯ ಮೂಳೆಯ ಚೂರು ಆ ಒಂಬತ್ತು ದಿನ ನಮ್ಮ ಕಪಾಟಿನಲ್ಲಿ ಕಾದು ಕೂತಿತ್ತು. ಗಂಟು ಎಂಥದ್ದೆಂದು ತಿಳಿಯದೆ ಅವರು ವಾರ್ಡಿನಲ್ಲಿ ಕಾದು ಮಲಗಿದ್ದರು. ಮತ್ತೆ ಹಾಗಾಗದಿರಲೆಂದು ನಾವೊಂದು ಉಪಾಯ ಮಾಡಿದೆವು. ಅನುಮತಿ ಸಿಕ್ಕ ದಿನ ಒಂದಿಡೀ ಬಾಟಲಿಯನ್ನು ನೀರಿಗೆ ಬೆರೆಸಿ ದೊಡ್ಡ ಕ್ಯಾನುಗಳಲ್ಲಿ ತುಂಬಿಟ್ಟುಕೊಂಡೆವು. ತಿಂಗಳುಗಟ್ಟಲೆ ಸಾಕಾಯಿತು. ಉಳಿದ ಎರಡು ಬಾಟಲಿಗಳನ್ನು ತೆರೆಯುವ ಪ್ರಮೇಯವೇ ಬರಲಿಲ್ಲ. ಮೊದಲು ಒಂದು ಬಾಟಲಿ ನಮ್ಮಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಬಾಳುತ್ತಿರಲಿಲ್ಲ, ಅದೂ ಉಸಿರಾಡುತ್ತಾ. ಈಗ ಬಾಯಿ ಕಟ್ಟಿಸಿಕೊಂಡು ಐದು ತಿಂಗಳು ಕೂತಿತು. ಬೇಸಿಗೆಯೂ ಬಂತು. ಶನಿವಾರ ಭಾನುವಾರ ನೆಲಮಾಳಿಗೆಯ ತಂಪು ಯಂತ್ರವನ್ನು ನಿಲ್ಲಿಸುವುದು ಆಸ್ಪತ್ರೆಯ ಪದ್ಧತಿ. ಹೀಗೆ ಅಪಾಯಕ್ಕೆ ಬೇಕಾದ ಎಲ್ಲವನ್ನೂ, ಸುರಕ್ಷತೆಯ ಹೆಸರಿನಲ್ಲಿ, ಒಂದೂ ಬಿಡದೆ ಕೂಡಿಸಿಕೊಟ್ಟೆವು.

ಅದು ಸೋಮವಾರ, ಬೆಳಿಗ್ಗೆ ಎಂಟೂಕಾಲು. ಎರಡನೇ ಬಾಟಲಿ ತೆರೆಯಲು ಅನುಮತಿ ಬಂದಿತ್ತು, ಬೀಗದ ಕೈಯೂ ಬಂದಿತ್ತು. ನಾನು ಕೊಯ್ಯುವ ಯಂತ್ರಕ್ಕೆ ಹೊಸ ಬ್ಲೇಡು ಕೂರಿಸುತ್ತಿದ್ದೆ. ಮೇಷ್ಟ್ರು ಗ್ಲೌಸು, ಏಪ್ರನ್ನು, ಕನ್ನಡಕ ಎಲ್ಲ ಹಾಕಿಕೊಂಡೇ ಕಪಾಟು ತೆರೆದರು. “ಅಮ್ಮಾ, ಈ ಬಾಟ್ಲಿ ಯಾಕೋ...” ಎಂದರು. ಟಪ್ ಎಂದಿತು. ದೊಡ್ಡ ಸದ್ದೇನಲ್ಲ, ಸೈಕಲ್ಲಿನ ಟ್ಯೂಬು ಒಡೆದ ಹಾಗೆ. ತಿರುಗಿ ನೋಡಿದರೆ ಅವರು ಎರಡೂ ಕೈಗಳನ್ನು ಮುಖಕ್ಕೆ ತಾಗಿಸದೆ ದೂರ ಚಾಚಿಕೊಂಡು ನಿಂತಿದ್ದರು. ಕನ್ನಡಕದ ಬಲಗಡೆಯ ಗಾಜು ಇರಲಿಲ್ಲ. ಕೆನ್ನೆ, ಕತ್ತು, ಎದೆಯಿಂದ ಆಮ್ಲ ಇಳಿಯುತ್ತಿತ್ತು. ಆ ಸ್ಥಿತಿಯಲ್ಲೂ ಅವರು ಕೂಗಿದ್ದು, “ಯಾರೂ ಹತ್ರ ಬರ್ಬೇಡಿ, ಗಾಜಿದೆ! ಗ್ಯಾಸ್ ಇದೆ, ಫ್ಯಾನ್ ಹಾಕಿ ಎಲ್ರೂ ಹೊರಗೆ ಹೋಗಿ!”

ಬಾಗಿಲ ಪಕ್ಕದ ತುರ್ತು ಶವರಿನ ಕೆಳಗೆ ಅವರನ್ನು ಎಳೆದುಕೊಂಡು ಹೋಗಿ ಸರಪಳಿ ಜಗ್ಗಿದೆ. ನೀರು ಬಂತು, ಧಾರಾಳವಾಗಿ, ತಿಳಿಯಾಗಿ. ಇದರ ಶ್ರೇಯಸ್ಸನ್ನು ವರದಿಯ ಒಂಬತ್ತನೇ ಪುಟ ತಮ್ಮ ಕಚೇರಿಯ ‘ಮುಂದಾಲೋಚನೆ’ಗೆ ಕೊಟ್ಟಿದೆ. ನಿಜ ಬೇರೆ. ಆ ಶವರನ್ನು ಪರೀಕ್ಷಿಸಿ ನೋಡಬೇಕೆಂದು ತಮ್ಮ ಯಾವ ಸುತ್ತೋಲೆಯೂ ನಮಗೆ ಹೇಳಿಲ್ಲ. ವಾರಕ್ಕೊಮ್ಮೆ ಅದರ ಕೆಳಗೆ ಬಕೆಟ್ಟು ಇಟ್ಟು ಸರಪಳಿ ಎಳೆದು, ತುಕ್ಕುನೀರು ಹೋಗುವವರೆಗೆ ಬಿಟ್ಟು, ಆ ನೀರಿನಲ್ಲೇ ನೆಲ ಒರೆಸುತ್ತಿದ್ದವರು ಮೇಷ್ಟ್ರು. ನಾನು ಅವರ ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದುಕೊಂಡೆ. ಅವರು ನಡುಗುತ್ತಿದ್ದರು.

“ಎಷ್ಟಾಯ್ತಮ್ಮ?”

“ಹತ್ತು ನಿಮಿಷ ಮೇಷ್ಟ್ರೇ.”

“ಇನ್ನೂ ಹತ್ತು ಬೇಕು. ನಾನು ಸಾಕು ಅಂದ್ರೂ ಬಿಡ್ಬೇಡ.”

ಅವರು ಸಾಕು ಎನ್ನಲಿಲ್ಲ. ಇಪ್ಪತ್ತೈದು ನಿಮಿಷ ನಿಂತೆವು. ಎಡಗಣ್ಣೂ ಮುಖವೂ ಉಳಿದದ್ದು ಆ ನೀರಿನಿಂದ ಎಂದು ಕಣ್ಣಿನ ವೈದ್ಯರು ಆಮೇಲೆ ಹೇಳಿದರು. ಬಲಗಣ್ಣಿಗೆ ಗಾಜೂ ಹೊಕ್ಕಿತ್ತು, ಅದು ಉಳಿಯಲಿಲ್ಲ.

ಇನ್ನು ತಮ್ಮ ಸಮಿತಿ. ಅಧ್ಯಕ್ಷರು ಕಟ್ಟಡ ವಿಭಾಗದವರು, ಒಬ್ಬ ಸದಸ್ಯರು ಸಿಬ್ಬಂದಿ ವಿಭಾಗದವರು, ಇನ್ನೊಬ್ಬರು ವಾಹನ ವಿಭಾಗದವರು. ರಸಾಯನಶಾಸ್ತ್ರ ಓದಿದವರು ಪಕ್ಷಪಾತಿಗಳಾಗಿರಬಹುದೆಂಬ ಆತಂಕದಿಂದ ಅವರನ್ನು ದೂರವಿಟ್ಟಿರಬೇಕು. ಗಾಯಾಳುವಿಗೆ ನಲವತ್ತೊಂದು ಪ್ರಶ್ನೆ ಕೇಳಿದರು. ಬೆಳಿಗ್ಗೆ ತಿಂಡಿ ತಿಂದಿದ್ದಿರಾ, ರಾತ್ರಿ ನಿದ್ದೆ ಆಗಿತ್ತೇ, ಬಾಟಲಿಯನ್ನು ಯಾವ ಕೈಯಲ್ಲಿ ಮುಟ್ಟಿದಿರಿ, ಮನೆಯಲ್ಲಿ ಏನಾದರೂ ಮನಸ್ತಾಪವಿತ್ತೇ. ಮುಚ್ಚಳದ ಬಗ್ಗೆ ಒಂದೂ ಇಲ್ಲ. ನನ್ನನ್ನೂ ಕರೆದರು. ಪ್ಲಾಸ್ಟಿಕ್ ಚೀಲದಲ್ಲಿಟ್ಟ ಟೇಪಿನ ತುಂಡೊಂದನ್ನು ಮುಂದಿಟ್ಟು ಕೇಳಿದರು:

“ಈ ಸಹಿ ನಿಮ್ದೇನಾ?”

“ಹೌದು ಸಾರ್. ಆದ್ರೆ ಆ ಮುಚ್ಚಳ...”

“ಹೌದು ಅಂತ ಬರ್ಕೊಳ್ಳಿ. ನೀವಿನ್ನು ಹೋಗ್ಬಹುದಮ್ಮ.”

ನಾನು ಎದ್ದು ಬಂದೆ. ಕುರ್ಚಿ ಬಿಡುವುದಿಲ್ಲ, ಪೂರ್ತಿ ಕೇಳಿ ಎನ್ನಬಹುದಿತ್ತು. ಎನ್ನಲಿಲ್ಲ. ಅದರ ಫಲವೇ ವರದಿಯ ಹನ್ನೊಂದನೇ ಪುಟ. ಅಲ್ಲಿ ನನ್ನ ಸಹಿಯ ಫೋಟೋ ಇದೆ, ಅದರ ಕೆಳಗೆ ಸಮಿತಿಯ ತರ್ಕ: ಹೊಣೆಗಾರ ಸಿಬ್ಬಂದಿಯೇ ಬಾಟಲಿ ಸುರಕ್ಷಿತವೆಂದು ದೃಢೀಕರಿಸಿದ್ದಾರೆ, ಸುರಕ್ಷಿತವಾದ ಬಾಟಲಿ ತಾನಾಗಿ ಒಡೆಯದು, ಆದ್ದರಿಂದ ನೌಕರನು ಅದನ್ನು ಎಲ್ಲಿಗೋ ತಾಗಿಸಿರಬೇಕು, ಬಾಟಲಿಗಳ ಮೊಹರನ್ನು ಕೆಡಿಸುವ ಚಾಳಿ ಈತನಿಗೆ ಮೊದಲಿನಿಂದಲೂ ಇದ್ದುದಕ್ಕೆ ಮೆಮೊ ಸಾಕ್ಷಿ. ಬಾಟಲಿಯನ್ನು ಆರು ವಾರ ಒಡೆಯದಂತೆ ಕಾಪಾಡಿದ್ದೇ ಅದನ್ನು ಒಡೆದದ್ದಕ್ಕೆ ಸಾಕ್ಷಿಯಾಯಿತು! ಇಂಥ ತರ್ಕದ ಒತ್ತಡವನ್ನು ಯಾವ ಮುಚ್ಚಳವೂ ತಡೆಯಲಾರದು.

ವರದಿ ಕೈಗೆ ಬಂದ ದಿನ ಸಂಜೆ ಮೇಷ್ಟ್ರ ಮನೆಗೆ ಹೋದೆ. ಎರಡು ಕೋಣೆಯ ಮನೆ, ಮುಂದಿನ ಕೋಣೆಯಲ್ಲಿ ಅವರ ಹೆಂಡತಿಯ ಹೊಲಿಗೆ ಯಂತ್ರ. ಚಹಾ ತಂದವರು ಮೇಷ್ಟ್ರೇ. ಕೆಟಲ್ಲಿನಿಂದ ಲೋಟಕ್ಕೆ ಸುರಿಯುವಾಗ ಅರ್ಧ ಹೊರಗೆ ಬಿತ್ತು. ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲವಂತೆ. ಮೂವತ್ತೊಂದು ವರ್ಷ ಒಂದು ತೊಟ್ಟು ಆಮ್ಲ ಚೆಲ್ಲದೆ ಸುರಿದ ಕೈ ಅದು. ಅವರು ಬಟ್ಟೆ ತಂದು ಮೇಜು ಒರೆಸಿದರು. ಅವರ ಹೆಂಡತಿ ಹೊಲಿಗೆ ನಿಲ್ಲಿಸಿ ಕೇಳಿದರು, “ಅಜಾಗರೂಕತೆ ಅಂತ ಬರ್ದಿದಾರಂತೆ, ಹೌದೇನಮ್ಮ? ಇವ್ರು ಗ್ಯಾಸಿನ ನಾಬ್ ಮೂರ್ ಸಲ ಮುಟ್ಟಿ ನೋಡ್ದೆ ಮಲಗೋರಲ್ಲ. ನನಗೇ ಬೇಜಾರಾಗಿ ಬೈತಿದ್ದೆ. ಇಂಥವ್ರಿಗೆ ಆ ಮಾತು ಬರೆಯೋಕೆ ಅವ್ರಿಗೆ ಮನಸ್ಸಾದ್ರೂ ಹೇಗ್ ಬಂತು?”

ನಾನು ಹೇಳಿದೆ. ಟೇಪಿನ ಮೇಲಿನ ಸಹಿ ನನ್ನದು, ಅದನ್ನೇ ಇಟ್ಟುಕೊಂಡು ಹಾಗೆ ಬರೆದರು, ನನ್ನಿಂದಲೇ ಹೀಗಾಯಿತು ಎಂದೆ.

“ಗೊತ್ತಲ್ಲಮ್ಮ,” ಎಂದರು ಮೇಷ್ಟ್ರು. “ಬಾಟ್ಲಿ ಹಿಡ್ಕೊಂಡಿದ್ದೋನೇ ನಾನು. ನಾನೂ ಬೇಡ ಅನ್ಲಿಲ್ಲ.” ಆಮೇಲೆ ಕೇಳಿದರು, “ಅದಿರ್ಲಿ, ಹೊಸ ಸ್ಟಾಕ್ ಬಂತಾ? ಈಗ ಮುಚ್ಚಳ ಯಾವ್ದಿದೆ?”

ಬಂದಿತ್ತು. ಎರಡು ವಾರವಾಗಿತ್ತು, ನಾಲ್ಕು ಬಾಟಲಿ. ಬಿಗಿ ಮುಚ್ಚಳವೇ, ಸುತ್ತೋಲೆ ಜಾರಿಯಲ್ಲಿತ್ತಲ್ಲ. ಈ ಸಲ ನಾನು ಸಹಿ ಹಾಕಲು ಒಪ್ಪಿರಲಿಲ್ಲ. ಹೊಸದಾಗಿ ಸೇರಿದ ತಂತ್ರಜ್ಞೆಯಿಂದ ಹಾಕಿಸಿದ್ದರು. ನಾನು ಒಪ್ಪಲಿಲ್ಲ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನೆಂದು ಕಾಣುತ್ತದೆ. ಮೇಷ್ಟ್ರು ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದರು.

“ನೀನು ಸಹಿ ಹಾಕ್ಲಿಲ್ಲ, ಸರಿ. ಅದು ಬಾಟ್ಲಿಗೆ ಗೊತ್ತಾ ತಾಯಿ?”

ಅವರು ನನ್ನನ್ನು ಒಮ್ಮೆ ಕೂಡ ಗದರಿದವರಲ್ಲ. ಅಂದೂ ಗದರಿಸಲಿಲ್ಲ. ಆದರೆ ಆ ಮಾತು ಕೇಳಿ ಲೋಟ ಕೆಳಗಿಟ್ಟೆ. ನಾನು ನನ್ನ ಕೈ ತೊಳೆದುಕೊಂಡಿದ್ದೆ, ಅಷ್ಟೆ. ಕಪಾಟಿನ ಮುಂದೆ ನಾಳೆ ನಿಲ್ಲುವವಳು ಇಪ್ಪತ್ತೆರಡರ ಆ ಹುಡುಗಿ.

ಮಾನ್ಯರೇ, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಮೇಲ್ವಿಚಾರಕರ ಕೋಣೆಯಿಂದ ಬೀಗದ ಕೈ ತಂದೆ. ಯಾಕೆಂದು ಅವರು ಕೇಳಿದರು, ಮುಚ್ಚಳ ಬದಲಾಯಿಸಲು ಎಂದೆ. “ಅರ್ಜಿ ಎಲ್ಲಿ?” ಎಂದರು. ಅರ್ಜಿ ಇಲ್ಲ ಎಂದೆ. ಅವರು ಕಡೆಗೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿ ನಿಂತರು. ಅವರನ್ನು ದಂಡಿಸಬೇಡಿ, ಅಂದು ಅವರು ಮಾಡಿದ ಕೆಲಸ ಅದೊಂದೇ ಆದರೂ ಒಳ್ಳೆಯದನ್ನೇ ಮಾಡಿದರು. ಮುಖ ಪೂರ್ತಿ ಮುಚ್ಚುವ ಕವಚ, ದಪ್ಪ ಗ್ಲೌಸು ಹಾಕಿಕೊಂಡು, ಕೋಣೆಯಿಂದ ಎಲ್ಲರನ್ನೂ ಕಳಿಸಿ, ಮುಖ್ಯಸ್ಥೆಯನ್ನು ಶವರಿನ ಬಳಿ ನಿಲ್ಲಿಸಿಕೊಂಡು — ಅವರೇ ತಾವಾಗಿ ಬಂದು ನಿಂತರು — ಗಾಜಿನ ಗೂಡಿನ ಪರದೆಯನ್ನು ಎದೆಯವರೆಗೆ ಇಳಿಸಿ, ನಾಲ್ಕೂ ಬಾಟಲಿಗಳ ಮೊಹರು ಒಡೆದೆ. ಒಂದೊಂದರಿಂದಲೂ ಸುಯ್ ಎಂದು ಗಾಳಿ ಹೊರಬಂತು. ಎರಡೇ ವಾರದ ಬಾಟಲಿಗಳು ಅವು. ಆ ಸದ್ದನ್ನು ತಮ್ಮ ಸಮಿತಿ ಒಮ್ಮೆ ಕೇಳಿದ್ದರೆ ಹದಿನೇಳು ಪುಟ ಬರೆಯುವ ಶ್ರಮ ತಪ್ಪುತ್ತಿತ್ತು. ರಂಧ್ರದ ಮುಚ್ಚಳಗಳನ್ನು ಮತ್ತೆ ಹಾಕಿದೆ. ‘ಉಲ್ಲಂಘನೆ’ ಎಂಬ ಪದದ ಅರ್ಥ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇದು ಉಲ್ಲಂಘನೆ; ಮಾಡಿದವಳು ನಾನು; ನೋಟಿಸು ನನ್ನ ಹೆಸರಿಗೆ ಬರಲಿ, ಆ ಹುಡುಗಿಗೆ ಬೇಡ.

ಆದರೆ ಉಳಿದ ಅರವತ್ತೊಂದು ಕಡೆ? ಅಲ್ಲೆಲ್ಲ ಕಪಾಟುಗಳಲ್ಲಿ ತಮ್ಮ ಮೊಹರು ಹೊತ್ತ ಬಾಟಲಿಗಳು ಇವತ್ತೂ ಕೂತಿವೆ. ಎಷ್ಟು ತಿಂಗಳಿಂದ, ಯಾರ ಸಹಿಯ ಕೆಳಗೆ, ನನಗೆ ತಿಳಿಯದು, ತಮಗೂ ತಿಳಿಯದು. ಅಲ್ಲಿ ಕೆಲಸ ಮಾಡುವವರಿಗೆ ನೇರವಾಗಿ ಹೇಳುತ್ತೇನೆ. ಹಳೆಯ, ಬಿಗಿದಿಟ್ಟ ಫಾರ್ಮಿಕ್ ಬಾಟಲಿ ಕಂಡರೆ ಮುಟ್ಟಬೇಡಿ, ಅಲುಗಿಸಬೇಡಿ, ಧೈರ್ಯ ತೋರಿಸಲು ಹೋಗಬೇಡಿ. ನಾನು ತೆರೆದದ್ದು ಹೊಸ ಬಾಟಲಿಗಳನ್ನು. ತಿಂಗಳುಗಟ್ಟಲೆ ಕೂತದ್ದರ ಹತ್ತಿರ ನಾನೂ ಹೋಗುತ್ತಿರಲಿಲ್ಲ; ನಮ್ಮಲ್ಲಿ ಉಳಿದಿದ್ದ ಮೂರನೇ ಹಳೆಯ ಬಾಟಲಿಯನ್ನು ತರಬೇತಾದವರೇ ಬಂದು ಒಯ್ದಿದ್ದರು. ಫ್ಯಾನು ಹಾಕಿ, ಹೊರಗೆ ಬಂದು, ಬಾಗಿಲು ಹಾಕಿ, ಅದನ್ನು ನಿಭಾಯಿಸಲು ತರಬೇತಾದವರನ್ನು ಕರೆಸಿ. ಶವರಿನ ಸರಪಳಿಯನ್ನು ಇವತ್ತೇ ಒಮ್ಮೆ ಎಳೆದು ನೋಡಿ. ಈ ಪತ್ರದ ಪ್ರತಿಯನ್ನು ಅರವತ್ತೊಂದು ವಿಳಾಸಗಳಿಗೂ ನಾನೇ ಅಂಚೆಗೆ ಹಾಕಿದ್ದೇನೆ. ತಮ್ಮ ಅನುಮತಿ ಪಡೆದಿಲ್ಲ. ಒಂಬತ್ತು ದಿನ ಕಾಯಲು ಮನಸ್ಸು ಒಪ್ಪಲಿಲ್ಲ.

ಮೇಷ್ಟ್ರ ನಿವೃತ್ತಿ ಈ ತಿಂಗಳ ಕೊನೆಯ ದಿನ. ಬೀಳ್ಕೊಡುಗೆಗೆ ಬರುವುದಿಲ್ಲವೆಂದು ಹೇಳಿಬಿಟ್ಟಿದ್ದಾರೆ. “ಹಾರ ಹಾಕಿ ಅಜಾಗರೂಕ ಅಂತ ಕಳ್ಸೋದು ಬೇಡಮ್ಮ, ಹಾಗೇ ಹೋಗ್ತೀನಿ,” ಎಂದರು. ಅಷ್ಟರೊಳಗೆ ವರದಿಯಿಂದ ಆ ಮಾತು ಹೋಗಬೇಕು, ಅವರ ದಾಖಲೆಯಿಂದ ಮೆಮೊ ಹೋಗಬೇಕು, ಮತ್ತು ತಪ್ಪು ಯಾರದೆಂದು ಅವರ ಮನೆಯ ವಿಳಾಸಕ್ಕೆ ಲಿಖಿತವಾಗಿ ಬರಬೇಕು. ಅವರ ಹೆಂಡತಿ ಓದುವಷ್ಟು ಸರಳ ಕನ್ನಡದಲ್ಲಿ.

ಹನ್ನೊಂದನೇ ಪುಟದಲ್ಲಿರುವ ನನ್ನ ಸಹಿ ಸುಳ್ಳು ಸಹಿ. ಬಾಟಲಿ ಸುರಕ್ಷಿತವಲ್ಲವೆಂದು ತಿಳಿದೇ ಹಾಕಿದ್ದೆ. ಈ ಪತ್ರದ ಮೂಲಕ, ನಾಲ್ಕು ಜನರ ಎದುರಿಗೆ, ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಅದಕ್ಕೆ ಬರುವ ಶಿಕ್ಷೆ ಬರಲಿ. ಸುತ್ತೋಲೆಯ ಕೆಳಗೂ ಒಂದು ಸಹಿ ಇದೆ. ಅದನ್ನು ತಾವು ಹಿಂದಕ್ಕೆ ಪಡೆಯಿರಿ.

ಇಂತಿ,
ಗೊತ್ತಿದ್ದೂ ಸಹಿ ಹಾಕಿದವಳು,
ಅಂಗಾಂಶ ಪರೀಕ್ಷಾ ವಿಭಾಗ, ನೆಲಮಾಳಿಗೆ, ಲಾಂಡ್ರಿಯ ಆಚೆ